ಬೇರೆ ಹೆಸರಲ್ಲಿ ಗೆದ್ದ ಚಿನ್ನ

ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾದರೂ ನಾವು ಆಫೀಸಿಗೆ ನಾಲ್ಕು ಸಲ ಅಲೆದು ಸರಿ ಮಾಡಿಸ್ಕೋತೀವಿ. ಆದರೆ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವರೊಬ್ಬರ ಹೆಸರು, ದೇಶ ಎರಡೂ ಬೇರೆಯೇ ದಾಖಲಾದವು. ಅವರು ಕೊರಿಯಾದ ಸೋನ್ ಕೀ ಚಂಗ್.

ಸೋನ್ ಹುಟ್ಟಿದ್ದು 1912ರಲ್ಲಿ, ಇವತ್ತು ಉತ್ತರ ಕೊರಿಯಾದಲ್ಲಿರುವ ಸಿನುಯಿಜು ಎಂಬ ಊರಲ್ಲಿ. ಬಡ ಕುಟುಂಬ. ಅಷ್ಟೊತ್ತಿಗಾಗಲೇ ಕೊರಿಯಾ ಜಪಾನಿನ ಆಳ್ವಿಕೆಗೆ ಸಿಕ್ಕಿ ಎರಡು ವರ್ಷವಾಗಿತ್ತು. 1935ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ 2 ಗಂಟೆ 26 ನಿಮಿಷ 42 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಮಾಡಿದರು.

ಮರುವರ್ಷ ಬರ್ಲಿನ್ ಒಲಿಂಪಿಕ್ಸ್. ನಮ್ಮ ಧ್ಯಾನ್‌ಚಂದ್ ತಂಡ ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಹಾಕಿ ಚಿನ್ನ ಗೆದ್ದಿದ್ದೂ ಅಲ್ಲೇ. ನಮಗೆ ಇಂಡಿಯಾ ಅನ್ನೋ ಹೆಸರಾದರೂ ಇತ್ತು, ಸೋನ್‌ಗೆ ಅದೂ ಇರಲಿಲ್ಲ. ಜಪಾನ್ ತಂಡದಲ್ಲಿ, ಕಿತೇ ಸೋನ್ ಎಂಬ ಜಪಾನಿ ಹೆಸರಲ್ಲೇ ಓಡಬೇಕಿತ್ತು. ಹಿಂದಿನ ಒಲಿಂಪಿಕ್ಸ್ ಚಾಂಪಿಯನ್, ಅರ್ಜೆಂಟೀನಾದ ಜಬಾಲಾ ಶುರುವಿನಲ್ಲೇ ಜೋರಾಗಿ ಮುಂದೆ ಹೋದರು. ಸೋನ್ ಗಡಿಬಿಡಿ ಮಾಡಲಿಲ್ಲ. ಬ್ರಿಟನ್ನಿನ ಹಾರ್ಪರ್ ಜೊತೆ ತಮ್ಮ ಲಯದಲ್ಲೇ ಓಡಿ, ಆಮೇಲೆ ಜಬಾಲಾರನ್ನು ಹಿಂದೆ ಹಾಕಿದರು. 2 ಗಂಟೆ 29 ನಿಮಿಷ 19 ಸೆಕೆಂಡಿಗೆ ಚಿನ್ನ! ಕಂಚು ಗೆದ್ದ ನಾಮ್ ಸುಂಗ್ ಯಾಂಗ್ ಕೂಡ ಕೊರಿಯಾದವರೇ.

ಆದ್ರೆ ಪೋಡಿಯಂ ಮೇಲೆ ಇಬ್ಬರೂ ತಲೆ ತಗ್ಗಿಸಿ ನಿಂತರು. ವಿಜೇತರಿಗೆ ಕೊಟ್ಟ ಓಕ್ ಗಿಡವನ್ನು ಸೋನ್ ಎದೆಗೊತ್ತಿ ಹಿಡಿದು ಜಪಾನ್ ಬಾವುಟ ಕಾಣದಂತೆ ಮಾಡಿದರು. ಊರಿನ ದೊಂಗ್-ಎ ಇಲ್ಬೊ ಪತ್ರಿಕೆ ಆ ಫೋಟೋದಲ್ಲಿ ಬಾವುಟವನ್ನೇ ಅಳಿಸಿ ಅಚ್ಚು ಹಾಕಿತು. ಪತ್ರಕರ್ತರು ಜೈಲಿಗೆ ಹೋದರು, ಪತ್ರಿಕೆ ತಿಂಗಳುಗಟ್ಟಲೆ ನಿಂತುಹೋಯಿತು.

1945ರಲ್ಲಿ ಜಪಾನ್ ಆಳ್ವಿಕೆ ಮುಗಿಯಿತು. ಅಷ್ಟರಲ್ಲಿ ಸೋನ್ ಓಡುವ ವಯಸ್ಸು ದಾಟಿತ್ತು. ಅವರು ಕೋಚ್ ಆದರು. 1947ರಲ್ಲಿ ಅವರ ಶಿಷ್ಯ ಸುಹ್ ಯುನ್ ಬೊಕ್ ಬೋಸ್ಟನ್ ಮ್ಯಾರಥಾನ್ ಗೆದ್ದರು, 2 ಗಂಟೆ 25 ನಿಮಿಷ 39 ಸೆಕೆಂಡಿನಲ್ಲಿ. ಮುರಿದಿದ್ದು ಯಾರ ದಾಖಲೆ ಗೊತ್ತಾ? ಹನ್ನೊಂದು ವರ್ಷ ಯಾರಿಗೂ ದಕ್ಕದಿದ್ದ ಗುರುವಿನದ್ದೇ! ಈ ಸಲ ಗೆಲುವು ಕೊರಿಯಾದ ಹೆಸರಲ್ಲೇ ಬಂತು. 1950ರಲ್ಲಂತೂ ಬೋಸ್ಟನ್ನಿನ ಮೊದಲ ಮೂರು ಸ್ಥಾನವೂ ಅವರ ಹುಡುಗರದ್ದೇ.

1988ರ ಸಿಯೋಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜ್ಯೋತಿ ಹಿಡಿದು ಸ್ಟೇಡಿಯಂ ಒಳಗೆ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಆದರೂ ಮಗುವಿನಂತೆ ಕುಣಿಯುತ್ತಾ ಓಡಿದರು. 1992ರಲ್ಲಿ ಬಾರ್ಸಿಲೋನಾದಲ್ಲಿ ಹ್ವಾಂಗ್ ಯಂಗ್ ಚೊ ದಕ್ಷಿಣ ಕೊರಿಯಾಗೆ ಮ್ಯಾರಥಾನ್ ಚಿನ್ನ ತಂದಿದ್ದನ್ನು ಅಲ್ಲೇ ಕೂತು ಕಣ್ಣಾರೆ ನೋಡಿದರು. ಅವತ್ತು ಆಗಸ್ಟ್ 9. ಬರ್ಲಿನ್‌ನಲ್ಲಿ ಅವರು ಗೆದ್ದ ದಿನವೂ ಅದೇ.

2002ರ ನವೆಂಬರ್‌ನಲ್ಲಿ ಸೋನ್ ತೀರಿಕೊಂಡರು. 1936ರ ಆ ಚಿನ್ನ ಇವತ್ತಿಗೂ ಜಪಾನ್ ಲೆಕ್ಕದಲ್ಲೇ ಇದೆ. ಅದನ್ನು ತಿದ್ದಿಸೋಕೆ ಆಗಲಿಲ್ಲ. ಆದರೆ ತಮಗೆ ಸಿಗದ ಹೆಸರು ತಮ್ಮ ಹುಡುಗರಿಗೆ ಸಿಗೋ ಹಾಗೆ ಮಾಡಿದರು. ಮುಂದಿನ ಸಲ ಆಫೀಸಿನ ಕ್ಯೂನಲ್ಲಿ ನಿಂತಾಗ ಇವರನ್ನೊಮ್ಮೆ ನೆನೆಸಿಕೊಳ್ಳಿ.