ಡಾಕ್ಟರ್ ರಾಲ್ಫ್ ಬಂಚ್

ಸರಕಾರವು ತಾನಾಗಿ ಕರೆದು ಕೊಡುವ ಹಿರಿಯ ಪದವಿಯನ್ನು ಒಲ್ಲೆನೆನ್ನುವವರು ಯಾವ ದೇಶದಲ್ಲಿಯೂ ವಿರಳ. 1949ರಲ್ಲಿ ಅಮೆರಿಕೆಯ ಅಧ್ಯಕ್ಷರಾದ ಟ್ರೂಮನ್ನರು ವಿದೇಶಾಂಗ ಇಲಾಖೆಯ ಸಹಾಯಕ ಕಾರ್ಯದರ್ಶಿಯ ಪದವಿಯನ್ನು ಡಾಕ್ಟರ್ ರಾಲ್ಫ್ ಬಂಚರಿಗೆ ಕೊಡಮಾಡಿದರು. ಬಂಚರು ಅದನ್ನು ನಿರಾಕರಿಸಿದರು. ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ಕೇರಿ ಎಂಬ ಕಟ್ಟುಗಳಿದ್ದುವು. ಅಂಥ ಊರಿಗೆ ಮರಳಿ ಹೋಗಿ ಸಂಸಾರ ಹೂಡಲು ತಮಗೆ ಮನಸ್ಸಿಲ್ಲವೆಂಬುದೇ ಅವರು ಕೊಟ್ಟ ಕಾರಣ. ಈ ಒಂದು ನಿರಾಕರಣೆಯಲ್ಲಿ ಅವರ ಜೀವಿತದ ಸಾರವೆಲ್ಲ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಬಂಚರು 1904ರಲ್ಲಿ ಡೆಟ್ರಾಯಿಟ್ ನಗರದ ಒಬ್ಬ ಕ್ಷೌರಿಕನ ಮಗನಾಗಿ ಹುಟ್ಟಿದರು. 1917ರಲ್ಲಿ ತಾಯಿಯು ತೀರಿಕೊಳ್ಳಲು, ಗುಲಾಮಗಿರಿಯಲ್ಲಿ ಹುಟ್ಟಿದ್ದ ತಾಯಿಯ ತಾಯಿ ಲೂಸಿ ಜಾನ್ಸನ್ ಎಂಬಾಕೆಯು ಮೊಮ್ಮಕ್ಕಳನ್ನು ಲಾಸ್ ಏಂಜಲೀಸಿಗೆ ಕರೆತಂದು ಸಾಕಿದಳು. 1922ರಲ್ಲಿ ಹುಡುಗನು ಪ್ರೌಢಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಆದರೂ ಉತ್ತಮ ವಿದ್ಯಾರ್ಥಿಗಳ ನಗರಸಂಘವು ಮೈಬಣ್ಣದ ಕಾರಣದಿಂದ ಅವನನ್ನು ಸೇರಿಸಿಕೊಳ್ಳಲಿಲ್ಲ. ರಾಲ್ಫನನ್ನು ತಾವು ಕರಿಯನೆಂದು ಎಂದೂ ಎಣಿಸಿಯೇ ಇಲ್ಲವೆಂದು ಶಾಲೆಯ ಮುಖ್ಯೋಪಾಧ್ಯಾಯರು ಹೊಗಳಿಕೆಯ ಭಾವದಿಂದ ನುಡಿದಾಗ, ಆ ವೃದ್ಧೆಯು ಅವರನ್ನು ಅಲ್ಲಿಯೇ ತಡೆದು, ತಮ್ಮ ಕುಲದ ವಿಷಯದಲ್ಲಿ ತಮಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ ಎಂದು ತಿಳಿಯಹೇಳಿದಳಂತೆ. ಮೊಮ್ಮಗನು ಆ ಪಾಠವನ್ನು ಕೊನೆಯವರೆಗೂ ಮರೆಯಲಿಲ್ಲ.

ಕಸ ಗುಡಿಸುವ ಕೆಲಸವನ್ನೂ ಆಟದ ವಿದ್ಯಾರ್ಥಿವೇತನವನ್ನೂ ನೆಚ್ಚಿ ಓದಿ, 1927ರಲ್ಲಿ ಅವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದರು. ಊರಿನ ಕರಿಯ ಸ್ತ್ರೀಯರ ಸಂಘವೊಂದು ಸಾವಿರ ಡಾಲರು ಚಂದಾ ಕೂಡಿಸಿ ಅವರನ್ನು ಹಾರ್ವರ್ಡಿಗೆ ಕಳುಹಿಸಿತು. 1928ರಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ ಅಲ್ಲಿ ರಾಜ್ಯಶಾಸ್ತ್ರದ ಶಾಖೆಯನ್ನು ಸ್ಥಾಪಿಸಿದರು. 1934ರಲ್ಲಿ ಹಾರ್ವರ್ಡಿನಿಂದ ಡಾಕ್ಟರ್ ಬಿರುದು ಬಂದಿತು. ಅಮೆರಿಕೆಯಲ್ಲಿ ಆ ಶಾಸ್ತ್ರದಲ್ಲಿ ಈ ಬಿರುದನ್ನು ಪಡೆದ ಕರಿಯರಲ್ಲಿ ಅವರೇ ಮೊದಲಿಗರು. ಟೋಗೊ ಮತ್ತು ದಹೋಮಿಗಳಲ್ಲಿ ನಡೆಯುತ್ತಿದ್ದ ಫ್ರೆಂಚರ ಆಡಳಿತವು ಅವರ ಪ್ರಬಂಧದ ವಿಷಯವಾಗಿತ್ತು.

ಬಂಚರು ಗ್ರಂಥಗಳಲ್ಲಿಯೇ ಮುಳುಗಿದ ಪಂಡಿತರಲ್ಲ. ವರ್ಣದ್ವೇಷದ ಬೇರು ಆರ್ಥಿಕ ಅನ್ಯಾಯದಲ್ಲಿದೆಯೆಂದೂ, ಬಿಳಿಯ ಕೂಲಿಕಾರನೂ ಕರಿಯ ಕೂಲಿಕಾರನೂ ಕೂಡದೆ ಅದು ಕೀಳಲಾರದೆಂದೂ ಅವರು ವಾದಿಸಿದರು. 1936ರಲ್ಲಿ ಕರಿಯರ ರಾಷ್ಟ್ರೀಯ ಕಾಂಗ್ರೆಸನ್ನು ಕಟ್ಟಿದವರಲ್ಲಿ ಒಬ್ಬರಾದರು. ಅದು ಕಮ್ಯುನಿಸ್ಟರ ಕೈಸೇರಲು 1940ರಲ್ಲಿ ದೂರ ಸರಿದರು. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಮಿರ್ಡಾಲರೊಡನೆ ದಕ್ಷಿಣದ ಸಂಸ್ಥಾನಗಳನ್ನು ಸುತ್ತಿ, ಮತದಾನದ ಹಕ್ಕಿನಿಂದ ಕರಿಯರನ್ನು ವಂಚಿಸುತ್ತಿದ್ದ ಬಗೆಯನ್ನು ಕಂಡು ವರದಿಗಳನ್ನು ಬರೆದರು.

ಯುದ್ಧಕಾಲದಲ್ಲಿ ಸರಕಾರದ ಸೇವೆಗೆ, 1946ರಲ್ಲಿ ವಿಶ್ವಸಂಸ್ಥೆಗೆ ಅವರು ಹೋದರು. 1948ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೈನಿನ ಸಂಧಾನಕಾರರಾಗಿದ್ದ ಕೌಂಟ್ ಬರ್ನಡಾಟರು ಜೆರೂಸಲೆಮಿನಲ್ಲಿ ಗುಂಡಿಗೆ ಬಲಿಯಾಗಲು, ಆ ಅಪಾಯದ ಭಾರವು ಬಂಚರ ಮೇಲೆ ಬಿದ್ದಿತು. 1949ರ ಜನವರಿಯಲ್ಲಿ ರೋಡ್ಸ್ ದ್ವೀಪದಲ್ಲಿ, ಒಬ್ಬರ ಮೊಗವನ್ನೊಬ್ಬರು ನೋಡಲೊಲ್ಲದ ಪಕ್ಷಗಳ ನಡುವೆ ಮಾತುಕತೆಗೆ ಮೊದಲಿಟ್ಟರು. ಮೊದಲು ಈಜಿಪ್ಟ್, ಬಳಿಕ ಲೆಬನಾನ್, ಜೋರ್ಡಾನ್ ಮತ್ತು ಸಿರಿಯಗಳು ಇಸ್ರೇಲಿನೊಡನೆ ಯುದ್ಧವಿರಾಮದ ಕರಾರುಗಳಿಗೆ ರುಜು ಹಾಕಿದುವು. ಸ್ಥಿರವಾದ ಶಾಂತಿಯು ಬರಲಿಲ್ಲವೆಂಬುದು ನಿಜ. ಆದರೆ ಅಂದಿನ ರಕ್ತಪಾತವು ನಿಂತಿತು. 1950ರ ನೊಬೆಲ್ ಶಾಂತಿ ಪಾರಿತೋಷಿಕವು ಅವರಿಗೆ ಬಂದಿತು. ಕರಿಯರಲ್ಲಿ ಅದನ್ನು ಪಡೆದವರು ಅವರೇ ಮೊದಲಿಗರು. ಪಾರಿತೋಷಿಕದ ಆಸೆಯಿಂದ ಯಾರೂ ವಿಶ್ವಸಂಸ್ಥೆಯಲ್ಲಿ ಸಂಧಾನ ನಡೆಸುವುದಿಲ್ಲವೆಂದು ಅವರು ಅದನ್ನೂ ಒಲ್ಲೆನ್ನಲಿದ್ದರು. ಮಹಾಕಾರ್ಯದರ್ಶಿಗಳ ಒತ್ತಾಯದಿಂದ ಸ್ವೀಕರಿಸಿದರು.

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಅಮೆರಿಕೆಗೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಲೋಕವು ಮನ್ನಿಸಿದ ಈ ಪುರುಷರ ದೇಶನಿಷ್ಠೆಯನ್ನು ಸಂಶಯಿಸಿ 1954ರಲ್ಲಿ ವಿಚಾರಣೆ ನಡೆಯಿತು, ನಿರ್ದೋಷಿಯೆಂದು ತೀರ್ಮಾನವಾಯಿತು. 1959ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿದ್ದ ಟೆನಿಸ್ ಸಂಘವು ಅವರಿಗೂ ಅವರ ಮಗನಿಗೂ ಸದಸ್ಯತ್ವವಿಲ್ಲವೆಂದಿತು. ಸುದ್ದಿ ಹಬ್ಬಿ ಊರೆಲ್ಲ ಛೀಮಾರಿ ಹಾಕಿದ ಮೇಲೆ ಸಂಘವು ಕ್ಷಮೆ ಬೇಡಿ ಕರೆಯಿತು. ಬಂಚರು ಹೋಗಲಿಲ್ಲ. ತಮ್ಮ ಹೆಸರಿನ ದಾಕ್ಷಿಣ್ಯಕ್ಕಾಗಿ ತೆರೆಯುವ ಬಾಗಿಲು ಇತರ ಕರಿಯರಿಗೆ ಮುಚ್ಚಿಯೇ ಇರುವುದೆಂಬುದನ್ನು ಅವರು ಬಲ್ಲವರಾಗಿದ್ದರು.

ತರುಣ ಹೋರಾಟಗಾರರಲ್ಲಿ ಕೆಲವರು, ಇವರು ಬಿಳಿಯರ ಮೆಚ್ಚುಗೆಯಲ್ಲಿ ಸ್ವಜನರನ್ನು ಮರೆತರೆಂದು ಆಕ್ಷೇಪಿಸಿದರು. ಲೋಕಸೇವೆಯಲ್ಲಿ ಕಳೆದ ವರ್ಷಗಳು ಸ್ವಜನರ ಸೇವೆಗೆ ಅಷ್ಟರಮಟ್ಟಿಗೆ ತಪ್ಪಿದುವೆಂಬುದನ್ನು ನಾವೂ ಅಲ್ಲಗಳೆಯೆವು. ಆದರೆ 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಅವರು ಇದ್ದರು. 1965ರ ಮಾರ್ಚಿಯಲ್ಲಿ ಮತದಾನದ ಹಕ್ಕಿಗಾಗಿ ಸೆಲ್ಮಾ ಪಟ್ಟಣದಿಂದ ಮಾಂಟ್‌ಗೊಮೆರಿಗೆ ಜನರು ಹೊರಟಾಗ, ಮಧುಮೇಹದಿಂದ ಬಳಲುತ್ತಿದ್ದ ಅರವತ್ತರ ಈ ಹಿರಿಯ ಅಧಿಕಾರಿಯು ಮಾರ್ಟಿನ್ ಲೂಥರ್ ಕಿಂಗರೊಡನೆ ಮೊದಲ ಸಾಲಿನಲ್ಲಿ ನಡೆದರು. ಸ್ವಜನರನ್ನು ಮರೆತವರು ಆ ಹಾದಿಯನ್ನು ಹಿಡಿಯುತ್ತಿರಲಿಲ್ಲ.

1971ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಬಂಚರು ಕಾಲವಾದರು. ಪೀಡಿತರಲ್ಲಿ ಒಬ್ಬನನ್ನು ಆರಿಸಿ ಎತ್ತರದ ಪೀಠದಲ್ಲಿ ಕೂರಿಸಿ, ಉಳಿದವರಿಗೆ ನ್ಯಾಯ ಸಂದಿತೆಂದು ತೃಪ್ತಿಪಡುವುದು ಅಧಿಕಾರಸ್ಥರ ಹಳೆಯ ಉಪಾಯ. ಆ ಪೀಠದಲ್ಲಿ ಕುಳಿತವನು ಅನೇಕ ವೇಳೆ ಆ ಉಪಾಯಕ್ಕೆ ಸಹಕಾರಿಯಾಗುತ್ತಾನೆ. ಬಂಚರು ಆಗಲಿಲ್ಲ. ಒಬ್ಬನಿಗೆ ಕೊಟ್ಟ ಮನ್ನಣೆಯು ಎಲ್ಲರಿಗೆ ಸಲ್ಲಬೇಕಾದ ಹಕ್ಕಿಗೆ ಬದಲಾಗಲಾರದೆಂಬ ಅವರ ನಿಲುವನ್ನು, ಅಧಿಕಾರದಲ್ಲಿರುವವರೂ ಅಧಿಕಾರವನ್ನು ಬಯಸುವವರೂ ಮನನ ಮಾಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.