ಹೆಸರು ಬೇಡವೆಂದ ದಾನಿ

ಹೋದ ವರುಷ ಬೆಂಗಳೂರಿನಲ್ಲಿ ಬಸ್ಸಿನ ನಿರ್ವಾಹಕರು ಟಾಟಾ ಇನ್‌ಸ್ಟಿಟ್ಯೂಟ್ ಬಂದಿತೆಂದು ಕೂಗಿದರು. ಇಳಿದು ನೋಡಿದರೆ ಫಲಕದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆ ಎಂದಿತ್ತು! ಏಷ್ಯಾ ಖಂಡದ ಹೆಸರಾಂತ ಸಂಶೋಧನಾ ವಿಶ್ವವಿದ್ಯಾನಿಲಯಗಳ ಸಾಲಿಗೆ ಸೇರಿದ ಈ ಸಂಸ್ಥೆಗೆ ಎರಡು ಹೆಸರೇಕೆಂದು ಹುಡುಕಹೋಗಿ ನಾನು ಜೆಮ್‌ಷೆಡ್ಜಿ ಟಾಟಾ ಅವರ ಚರಿತ್ರೆಯನ್ನು ಓದಿದೆನು.

1839ರಲ್ಲಿ ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತರ ಮನೆತನದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಓದಿ, ನಾಗಪುರದಲ್ಲಿ ಹತ್ತಿಯ ಗಿರಣಿ ಕಟ್ಟಿ ಐಶ್ವರ್ಯವಂತರಾದರು. ನನ್ನ ಮನಸ್ಸನ್ನು ಹಿಡಿದುದು ಅವರ ಕೊನೆಯ ಆರು ವರುಷಗಳು. 1898ರಲ್ಲಿ, ಉನ್ನತ ಸಂಶೋಧನೆಗೆಂದೇ ಒಂದು ವಿದ್ಯಾಸಂಸ್ಥೆ ಬೇಕೆಂದು, ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಯದನ್ನು ಮುಡಿಪಿಟ್ಟರು. ತಮ್ಮ ಹೆಸರನ್ನು ಮಾತ್ರ ಅದಕ್ಕೆ ಇಡಲು ಒಪ್ಪಲಿಲ್ಲ. ವೈಸರಾಯ್ ಕರ್ಜನ್ನರಿಗೆ ಸಂದೇಹ: ಅಂಥ ವಿದ್ಯಾರ್ಥಿಗಳು ಎಲ್ಲಿಂದ ಬಂದಾರು, ಓದಿದ ಮೇಲೆ ಅವರಿಗೆ ಕೆಲಸವೆಲ್ಲಿ? (ಈ ಎರಡನೆಯ ಪ್ರಶ್ನೆ ನಮ್ಮ ಕಾಲೇಜಿನ ಅಂಗಳದಲ್ಲಿ ಇನ್ನೂ ಹಳತಾಗಿಲ್ಲ.) ರಸಾಯನ ವಿಜ್ಞಾನಿ ರಾಮ್ಸೆ ಬಂದು ನೋಡಿ ಬೆಂಗಳೂರೇ ತಕ್ಕ ಸ್ಥಳವೆಂದರು. ಆದರೂ ಕೆಲಸ ಕೈಗೂಡಲಿಲ್ಲ. 1904ರಲ್ಲಿ ಟಾಟಾ ಅವರು ಜರ್ಮನಿಯಲ್ಲಿ ತೀರಿಕೊಂಡಾಗ ಅಸ್ತಿಭಾರದ ಕಲ್ಲೂ ಬಿದ್ದಿರಲಿಲ್ಲ.

ಮಕ್ಕಳಾದ ದೊರಾಬ್ಜಿ, ರತನ್ ಇಬ್ಬರೂ ತಂದೆಯ ಮಾತನ್ನು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. 1909ರಲ್ಲಿ ಸರ್ಕಾರದ ಅಪ್ಪಣೆಯಾಯಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅವರು ಬೇಡವೆಂದ ಹೆಸರನ್ನು ಊರಿನ ಜನರೇ ಇಟ್ಟುಕೊಂಡರು.

ಮೊನ್ನೆ ಮತ್ತೆ ಹೋಗಿದ್ದೆ. ಮುಖ್ಯ ಕಟ್ಟಡದ ಮುಂದಿರುವ ಅವರ ಪ್ರತಿಮೆಯ ಬಳಿ ತುಸು ಹೊತ್ತು ನಿಂತೆ. ಮರಳುವಾಗ ಬಸ್ಸಿನಲ್ಲಿ ನಾನೂ ಟಾಟಾ ಇನ್‌ಸ್ಟಿಟ್ಯೂಟಿನಿಂದ ಎಂದೇ ಹೇಳಿ ಟಿಕೆಟ್ಟು ಪಡೆದೆನು.