ವಿಚಾರಣೆಯಿಲ್ಲದ ಸೆರೆಯನ್ನು ಪ್ರಶ್ನಿಸಿದ ಎ.ಕೆ. ಗೋಪಾಲನ್

1957, 1962 ಮತ್ತು 1967ರ ಚುನಾವಣೆಗಳಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾದವರು ಎ.ಕೆ. ಗೋಪಾಲನ್. ಜನರ ಬಾಯಲ್ಲಿ ಅವರು ಎಕೆಜಿ. ಅವರ ಪಕ್ಷವನ್ನೂ ಐಕ್ಯ ಕೇರಳದ ಪರವಾದ ನಿಲುವನ್ನೂ ಒಪ್ಪದ ಕನ್ನಡಿಗರು ನಮ್ಮ ಗಡಿನಾಡಿನಲ್ಲಿದ್ದರು. ಆದರೆ ಸೆರೆಮನೆಯೊಳಗಿಂದ ಅವರು ಎತ್ತಿದ ಪ್ರಶ್ನೆಯೊಂದು ಪಕ್ಷ, ಭಾಷೆಗಳ ಎಲ್ಲೆಯನ್ನು ಮೀರಿದ್ದು. ನಮ್ಮ ಮಕ್ಕಳೂ ಅದನ್ನು ಅರಿಯಬೇಕೆಂದು ಈ ಬರಹ.

ಗೋಪಾಲನ್ ಹುಟ್ಟಿದ್ದು 1904ರ ಅಕ್ಟೋಬರ್ 1ರಂದು, ಕಣ್ಣೂರಿನ ಪೆರಳಶ್ಶೇರಿಯ ಪರಿಸರದಲ್ಲಿ. ಕೆಲವು ವರ್ಷ ಶಾಲಾ ಶಿಕ್ಷಕರಾಗಿದ್ದ ಅವರು ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ವೃತ್ತಿಯನ್ನು ತೊರೆದು ಸೆರೆಮನೆ ಸೇರಿದರು. ಗುರುವಾಯೂರು ದೇವಾಲಯ ಪ್ರವೇಶ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾಗಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಧಿತರಾಗಿ, ವೆಲ್ಲೂರು ಸೆರೆಮನೆಯಿಂದ ತಪ್ಪಿಸಿಕೊಂಡು ಯುದ್ಧ ಮುಗಿಯುವವರೆಗೂ ಭೂಗತರಾಗಿ ಉಳಿದರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಅವರು ಮತ್ತೆ ಸೆರೆಯಲ್ಲಿದ್ದರು. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ, ಮದ್ರಾಸ್ ಸರಕಾರ ಅವರನ್ನು ಪುನಃ ಬಂಧಿಸಿತು.

ಸಂವಿಧಾನ ಜಾರಿಗೆ ಬಂದಾಗಲೂ ಅವರು ಒಳಗೇ ಇದ್ದರು. 1950ರ ಮಾರ್ಚ್ 1ರಂದು, ಆಗಷ್ಟೇ ಬಂದಿದ್ದ ಮುಂಜಾಗ್ರತಾ ಬಂಧನ ಕಾಯಿದೆಯಡಿ ಹೊಸ ಆದೇಶವೊಂದನ್ನು ಅವರ ಕೈಗೆ ನೀಡಲಾಯಿತು.

ಇಲ್ಲಿ ಎರಡು ಬಗೆಯ ಸೆರೆಯನ್ನು ನಾವು ಬೇರೆಬೇರೆಯಾಗಿ ತಿಳಿಯಬೇಕು. ಅಪರಾಧದ ಆರೋಪದ ಮೇಲೆ ಬಂಧಿತನಾದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅವನು ವಕೀಲರನ್ನು ನೇಮಿಸಿಕೊಳ್ಳಬಹುದು, ಜಾಮೀನು ಕೇಳಬಹುದು. ಜಾಮೀನು ದೊರೆಯದಿದ್ದರೆ ವಿಚಾರಣಾಧೀನ ಕೈದಿಯಾಗಿ ಸಬ್ ಜೈಲಿನಲ್ಲೋ ಜಿಲ್ಲಾ ಜೈಲಿನಲ್ಲೋ ಇರುತ್ತಾನೆ. ಅಪರಾಧದ ಸ್ವರೂಪಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಮುಂಜಾಗ್ರತಾ ಬಂಧನದ ರೀತಿಯೇ ಬೇರೆ. ಮುಂದೆ ಏನೋ ಮಾಡಿಯಾನು ಎಂಬ ಶಂಕೆಯಷ್ಟೇ ಅದಕ್ಕೆ ಆಧಾರ. 24 ಗಂಟೆಯ ನಿಯಮ ಅದಕ್ಕೆ ಅನ್ವಯಿಸದು. ವಿಚಾರಣೆಯೂ ಇಲ್ಲ, ತೀರ್ಪೂ ಇಲ್ಲ.

ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಅವರ ಪರವಾಗಿ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ಮಾಡಿದ್ದವರು. ಕಾನೂನೊಂದು ಇದೆ ಎಂದಮಾತ್ರಕ್ಕೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯಲಾಗದು, ಆ ಕಾನೂನಿನ ಕ್ರಮವೂ ನ್ಯಾಯಬದ್ಧವಾಗಿರಬೇಕು ಎಂಬುದು ವಾದದ ತಿರುಳು. 1950ರ ಮೇ 19ರಂದು ಆರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ತಳ್ಳಿಹಾಕಿತು. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂಬ 14ನೇ ಕಲಮನ್ನು ಮಾತ್ರ ರದ್ದುಪಡಿಸಿತು. ನ್ಯಾಯಮೂರ್ತಿ ಫಜಲ್ ಅಲಿಯವರು ಭಿನ್ನ ತೀರ್ಪು ಬರೆದು ಗೋಪಾಲನ್ ಅವರ ವಾದವನ್ನು ಎತ್ತಿಹಿಡಿದರು.

ಸೋತ ಅರ್ಜಿದಾರ 1952ರಲ್ಲಿ ಕಣ್ಣೂರಿನಿಂದ ಗೆದ್ದು ಲೋಕಸಭೆಯಲ್ಲಿ ವಿರೋಧ ಪಕ್ಷದ ಸಾಲಿನ ಪ್ರಮುಖ ನಾಯಕರಾದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಮುಂದಿನ ಚುನಾವಣೆಯಲ್ಲಿ ಇಲ್ಲಿಂದಲೇ ಆಯ್ಕೆಯಾದರು. 1977ರ ಮಾರ್ಚ್ 22ರಂದು ತೀರಿಕೊಂಡರು.

ಅದಾಗಿ ಹತ್ತು ತಿಂಗಳು ಕಳೆದು, 1978ರ ಜನವರಿಯಲ್ಲಿ, ಮನೇಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಕ್ರಮ ನ್ಯಾಯಸಮ್ಮತವೂ ವಿವೇಕಯುತವೂ ಆಗಿರಬೇಕೆಂದು ಒಪ್ಪಿತು. ಆ ತೀರ್ಪಿನ ಬಲದಿಂದ 1979ರಲ್ಲಿ, ಶಿಕ್ಷೆಯ ಅವಧಿಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಬಿಹಾರದ ಬಡ ಕೈದಿಗಳಿಗೆ ಬಿಡುಗಡೆ ದೊರೆಯಿತು. ಶೀಘ್ರ ವಿಚಾರಣೆ ಮೂಲಭೂತ ಹಕ್ಕೆನಿಸಿತು.

ಆದರೂ ಕೆಲಸ ಮುಗಿದಿಲ್ಲ. 2022ರ ಅಂತ್ಯಕ್ಕೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಭಾಷಾ ಅಲ್ಪಸಂಖ್ಯಾತರಾದ ನಾವು ಇನ್ನೊಂದನ್ನೂ ನೆನಪಿಡಬೇಕು. ಮುಂಜಾಗ್ರತಾ ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕೆಂದು 1962ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದೂ ಕಾನೂನೇ. ಕನ್ನಡ ಮಾತ್ರ ಬಲ್ಲ ಹಿರಿಯರಿರುವ ಪ್ರತಿ ಮನೆಯೂ ಇದನ್ನು ತಿಳಿದಿರಲಿ.